ಹಾವು ಯಾವಾಗ ಬರುತ್ತೆ?

ಹೋದ ವಾರ ಈ ಅಂಕಣಕ್ಕೆ ಬಂದ ಕಾಗದಗಳಲ್ಲಿ ಒಂದು ಕಾಗದ ನನ್ನ ನಿದ್ದೆ ಕೆಡಿಸಿತು. ಬರೆದವರು ದಾವಣಗೆರೆ ಕಡೆಯ ಓದುಗ ಮಹಾಶಯರು. ಹೊಗಳಿಕೆ ಒಂದು ಸಾಲೂ ಇಲ್ಲ, ಸೀದಾ ಝಾಡಿಸಿದ್ದಾರೆ. "ಸ್ವಾಮೀ, ವಾರವಾರವೂ ಆ ಚಿತ್ರ ಏಳು ಸಲ ನೋಡಿದೆ, ಈ ಚಿತ್ರ ಹತ್ತು ಸಲ ನೋಡಿದೆ ಅಂತ ಕೊಚ್ಚಿಕೊಳ್ಳುತ್ತೀರಲ್ಲ, ನಿಮಗೆ ಬೇರೆ ಕೆಲಸ ಇಲ್ಲವೆ? ಕಥೆ ಗೊತ್ತು, ಫೈಟು ಗೊತ್ತು, ಕೊನೆಗೆ ಯಾರು ಸಾಯ್ತಾರೆ ಅಂತಲೂ ಗೊತ್ತು. ಗೊತ್ತಿರೋದನ್ನೇ ಮತ್ತೆ ದುಡ್ಡು ಕೊಟ್ಟು ನೋಡೋನು ಜಾಣನೋ ದಡ್ಡನೋ, ನೀವೇ ಹೇಳಿ."

ಬೇರೆ ಕೆಲಸ ಇಲ್ಲ ಅನ್ನೋದು ಅರ್ಧ ನಿಜ. ಯಾವ ಪತ್ರಿಕೆಯಲ್ಲೂ ಕಾಯಂ ಆಗಿಲ್ಲದ, ಬರೆದಿದ್ದಕ್ಕಷ್ಟೇ ಕಾಸು ಎಣಿಸುವ ನನ್ನಂಥವನಿಗೆ ಮ್ಯಾಟಿನಿ ಶೋಗೆ ಹೋಗಲು ಯಾರ ರಜೆ ಚೀಟಿಯೂ ಬೇಕಾಗಿಲ್ಲ. ಆದರೆ ದಡ್ಡನೋ ಜಾಣನೋ ಅನ್ನೋ ಪ್ರಶ್ನೆ ಇದೆಯಲ್ಲ, ಅದಕ್ಕೆ ಒಂದು ಮಾತಿನಲ್ಲಿ ಉತ್ತರ ಹೇಳಲು ನನಗೆ ಬರುವುದಿಲ್ಲ. ಇಡೀ ಪುಟ ಬೇಕು. ಸಂಪಾದಕರು ಪುಟ ಕೊಟ್ಟಿದ್ದಾರೆ, ಬಸ್ಸು ಹೊರಡೋಕೆ ಇನ್ನೂ ಟೈಮ್ ಇದ್ದರೆ ಕೂತು ಓದಿ.

ಮೊದಲು ಸುಲಭದ್ದು ಹೇಳಿಬಿಡ್ತೀನಿ. 'ಓಂ'. ಉಪೇಂದ್ರ ನಿರ್ದೇಶನ, ಶಿವಣ್ಣ, ಪ್ರೇಮಾ, ಹಂಸಲೇಖ ಸಂಗೀತ. ಬಂದಿದ್ದು 1995ರಲ್ಲಿ, ನಾನು ಭೂಮಿಗೆ ಬಂದಿದ್ದು ಅದಾಗಿ ಎರಡು ವರ್ಷಕ್ಕೆ. ಆದರೂ ಅದನ್ನು ಮೂರು ಸಲ ಟಾಕೀಸಿನಲ್ಲೇ ನೋಡಿದ್ದೀನಿ! ಹೇಗೆ ಅಂದ್ರೆ, ಆ ಚಿತ್ರವನ್ನು ಬಹಳ ವರ್ಷ ಟಿ.ವಿ.ಗೆ ಕೊಡಲೇ ಇಲ್ಲ. ಹೊಸ ಚಿತ್ರ ಶುಕ್ರವಾರ ಬಂದು ಸೋಮವಾರಕ್ಕೆ ಮಕಾಡೆ ಮಲಗಿದರೆ, ಟಾಕೀಸಿನವರು ಮಂಗಳವಾರ 'ಓಂ' ಪೋಸ್ಟರ್ ಅಂಟಿಸೋರು. ಹೀಗೆ ನೂರಾರು ಸಲ ಬಿಡುಗಡೆ ಕಂಡ ಚಿತ್ರ ಅದು. ಅಲ್ಲಿಗೆ ಕಥೆ ನೋಡೋಕೆ ಯಾರು ಹೋಗ್ತಾರೆ? ಪರದೆ ಮೇಲಿನವರು ಬಾಯಿ ಬಿಡೋ ಮುಂಚೆ ಗಾಂಧಿ ಕ್ಲಾಸಿನವರು ಡೈಲಾಗು ಮುಗಿಸಿರ್ತಾರೆ. ಅದು ಚಿತ್ರ ಅಲ್ಲ, ಜಾತ್ರೆ. ಜಾತ್ರೆಗೆ ಹೋದವರನ್ನ "ತೇರು ಹೋದ ವರ್ಷವೇ ನೋಡಿದ್ಯಲ್ಲಪ್ಪ" ಅಂತ ಯಾರಾದ್ರೂ ಕೇಳ್ತಾರಾ?

ಇನ್ನೊಂದು ಜಾತಿ ಇದೆ, ಮನೆಯಲ್ಲಿ ನೋಡೋ ಚಿತ್ರಗಳು. 1990ರ 'ಗಣೇಶನ ಮದುವೆ'. ಅನಂತನಾಗ್, ವಿನಯಾ ಪ್ರಸಾದ್, ಫಣಿ ರಾಮಚಂದ್ರ ನಿರ್ದೇಶನ. ಆ ವಠಾರ, ಆ ಜಗಳ... ಎಲ್ಲಿಂದ ಶುರು ಮಾಡಿದರೂ ನಡೆಯುತ್ತೆ, ಎಲ್ಲಿ ಬಿಟ್ಟು ಎದ್ದರೂ ನಡೆಯುತ್ತೆ. ರಾತ್ರಿ ಹೋಟೆಲ್ ಪಾರ್ಸೆಲ್ ಬಿಚ್ಚಿಕೊಂಡು ಒಬ್ಬನೇ ತಿನ್ನೋ ಬ್ರಹ್ಮಚಾರಿಗಳಿಗೆ ಅನ್ನದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ.

ಹಾಗಂತ ದೊಡ್ಡ ಚಿತ್ರವೆಲ್ಲ ಮತ್ತೆ ಮತ್ತೆ ನೋಡೋ ಚಿತ್ರ ಆಗೋದಿಲ್ಲ, ಇದನ್ನೂ ಹೇಳಿಬಿಡಬೇಕು. ದೊರೆ-ಭಗವಾನ್ ಅವರ 'ಕಸ್ತೂರಿ ನಿವಾಸ' (1971) ಇದೆಯಲ್ಲ, ಅಣ್ಣಾವ್ರ ಅಭಿನಯ ಅಂದ್ರೆ ಅದು ಅಂತ ನಾನು ಯಾರ ಜೊತೆ ಬೇಕಾದ್ರೂ ಜಗಳಕ್ಕೆ ನಿಲ್ತೀನಿ. 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಬಿಟ್ಟಾಗ ಹೋಗಿದ್ದೆ. ಕೊನೆಯಲ್ಲಿ ಪಾರಿವಾಳ ಕೇಳಿಕೊಂಡು ಬಂದವರಿಗೆ ಕೊಡೋಕೆ ಏನೂ ಉಳಿದಿರೋದಿಲ್ಲ, ಕೊಟ್ಟೂ ಕೊಟ್ಟೂ ಬರಿಗೈ ಆದ ಮನುಷ್ಯ... ಆ ಕೈ ನೋಡಿದವನು ಮತ್ತೆ ಆ ಟಾಕೀಸಿನ ಕಡೆ ತಲೆ ಹಾಕಿಲ್ಲ. ಎರಡನೇ ಸಲ ನೋಡೋ ಎದೆ ನನಗಿಲ್ಲ ಸ್ವಾಮೀ. ಚಿತ್ರದ ತಪ್ಪಲ್ಲ, ನನ್ನ ತಪ್ಪು.

ಕಳೆದ 2025ರ ಮಾರ್ಚಿನಲ್ಲಿ ಪುನೀತ್ ಅವರ ಐವತ್ತನೇ ಹುಟ್ಟುಹಬ್ಬ ಅಂತ 'ಅಪ್ಪು' ಮತ್ತೆ ಬಿಟ್ಟರಲ್ಲ, ಆಗ ಒಂದು ವಿಚಿತ್ರ ನೋಡಿದೆ. 2002ರ ಚಿತ್ರ. ಪಕ್ಕಾ ಜಾಲಿ ಚಿತ್ರ. ಹುಡುಗ ಕುಣೀತಾನೆ, ಹೊಡೀತಾನೆ, ನಗ್ತಾನೆ. ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ಕುಣಿಯೋ ಸೀನಿಗೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳ್ತಾ ಇದ್ದ. 2002ರಲ್ಲಿ ಅದೇ ಸೀನಿಗೆ ಚಿಲ್ಲರೆ ಕಾಸು ತೂರಿರ್ತಾನೆ ಪುಣ್ಯಾತ್ಮ. ರೀಲಿನಲ್ಲಿ ಒಂದು ಇಂಚೂ ಬದಲಾಗಿಲ್ಲ. ನಡುವೆ 2021ರ ಅಕ್ಟೋಬರ್ 29 ಬಂದು ಹೋಗಿದೆ, ಅಷ್ಟೆ.

ಈಗ ನನ್ನ ವಿಷಯಕ್ಕೆ ಬರ್ತೀನಿ. ಈ ದಾವಣಗೆರೆ ಮಹಾಶಯರ ಪ್ರಶ್ನೆಗೆ ನನ್ನ ಹತ್ತಿರ ಇರೋ ಉತ್ತರ ಒಂದೇ ಚಿತ್ರ. 'ನಾಗರಹಾವು'.

ನಗಬೇಡಿ. "ಇದನ್ನ ಹೇಳೋಕೆ ಅಂಕಣ ಬೇಕಿತ್ತಾ, ನಮ್ಮಜ್ಜನಿಗೂ ಗೊತ್ತು" ಅಂತೀರಿ. ಗೊತ್ತಿರಲಿ. 1972ರ ಡಿಸೆಂಬರ್ 29ಕ್ಕೆ ಬಂದ ಚಿತ್ರ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಕಟ್ಟಿದ ಕಥೆ, ವಿಜಯಭಾಸ್ಕರ್ ಸಂಗೀತ, ಚಿಟ್ಟಿಬಾಬು ಕ್ಯಾಮೆರಾ. ಸಂಪತ್‌ಕುಮಾರ್ ಅನ್ನೋ ಹುಡುಗ ವಿಷ್ಣುವರ್ಧನ್ ಆದದ್ದು, ಅಮರನಾಥ್ ಅನ್ನೋ ಹುಡುಗ ಅಂಬರೀಶ್ ಆದದ್ದು ಇಲ್ಲೇ. ಇದೆಲ್ಲ ನಿಮಗೆ ಬಾಯಿಪಾಠ. ನಾನು ಹೇಳಬೇಕಾದ್ದು ಬೇರೆ.

ನಮ್ಮದು ಚಳ್ಳಕೆರೆ. ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ದುರ್ಗ ಅಂದ್ರೆ ನಮಗೆ ಡಿ.ಸಿ. ಆಫೀಸು, ದೊಡ್ಡಾಸ್ಪತ್ರೆ, ಆಮೇಲೆ ಕೋಟೆ. ನಾನು ಮೊದಲನೇ ಸಲ 'ನಾಗರಹಾವು' ನೋಡಿದಾಗ ನನಗೆ ಹತ್ತು ವರ್ಷ. ಟಿ.ವಿ.ಯಲ್ಲಿ ಹಾಕಿದ್ದರು. ಹೆಸರು ನೋಡಿ ಹೆಡೆ ಎತ್ತೋ ಹಾವು ಬರುತ್ತೆ, ತಲೆ ಮೇಲೆ ಮಣಿ ಇರುತ್ತೆ, ರಾತ್ರಿ ಹೊತ್ತು ಹೆಂಗಸಾಗಿ ಓಡಾಡುತ್ತೆ ಅಂತ ಕಾದು ಕೂತೆ. ಅರ್ಧ ಗಂಟೆ ಆಯ್ತು, ಬರಲಿಲ್ಲ. ಮುಕ್ಕಾಲು ಗಂಟೆ ಆಯ್ತು. "ಅಮ್ಮಾ, ಹಾವು ಯಾವಾಗ ಬರುತ್ತೆ?" ಅಂದೆ. ಅಮ್ಮ ಶೇಂಗಾ ಸುಲೀತಾ ಇದ್ದವಳು ತಲೆ ಎತ್ತದೆ "ಆಗಲೇ ಬಂದೈತಲ್ಲೋ, ಅಗೋ ಬಂಡೆ ಮ್ಯಾಲೆ ನಿಂತೈತೆ" ಅಂದಳು. ನೋಡಿದರೆ ವಿಷ್ಣುವರ್ಧನ್! ಮೋಸ ಹೋದೆ ಅಂತ ಅಳು ಬಂತು. ಹಾಗೇ ನಿದ್ದೆ ಹೋದೆ.

ಎರಡನೇ ಸಲ ಹೈಸ್ಕೂಲಿನಲ್ಲಿದ್ದಾಗ, ಗೆಳೆಯನ ಮನೆಯಲ್ಲಿ ಡಿ.ವಿ.ಡಿ. ಹಾಕಿಕೊಂಡು. ಆಗ ಹಾವು ಕಂಡಿತು ನೋಡಿ! ರಾಮಾಚಾರಿ ನಡೆಯೋದು, ತಿರುಗಿ ನೋಡೋದು, ಸಿಟ್ಟು. ನಾವು ಐದಾರು ಹುಡುಗರು ಒಂದು ತಿಂಗಳು ಹಾಗೇ ನಡೆದೆವು. ಜಲೀಲ ಅಂತೂ ಬಂದಿದ್ದು ನಾಲ್ಕು ಸೀನು, ಆದರೆ ಅವನ 'ಬುಲ್ ಬುಲ್' ಮಾತು ನಮ್ಮ ಸ್ಕೂಲಿನ ಗೇಟಿನಲ್ಲಿ ಎಷ್ಟು ಸಲ ಕೇಳಿಸಿತೋ, ಅದಕ್ಕೆ ಎಷ್ಟು ಏಟು ಬಿತ್ತೋ ಲೆಕ್ಕವಿಲ್ಲ. ಅವತ್ತು ನಮ್ಮ ಕಣ್ಣಿಗೆ ಚಾಮಯ್ಯ ಮೇಷ್ಟ್ರು ಕಾಣಲಿಲ್ಲ ಅಂದ್ರೆ ನಂಬಿ. ಮೇಷ್ಟ್ರು ಬಂದಾಗಲೆಲ್ಲ ಫಾರ್ವರ್ಡ್ ಒತ್ತುತ್ತಿದ್ದೆವು. ಕೆ. ಎಸ್. ಅಶ್ವಥ್ ಅವರನ್ನ ಫಾರ್ವರ್ಡ್ ಮಾಡಿದ ಪಾಪಿ ನಾನು!

ಮೂರನೇ ಸಲ 2015.

ಇದನ್ನ ಇಲ್ಲೀತನಕ ಎಲ್ಲೂ ಬರೆದಿಲ್ಲ. ಸೆಕೆಂಡ್ ಪಿ.ಯು.ಸಿ. ಪ್ರಿಪರೇಟರಿ ಪರೀಕ್ಷೆ, ಅರ್ಥಶಾಸ್ತ್ರದ ಪೇಪರು. ನನ್ನ ಹತ್ತಿರ ಚೀಟಿ ಇತ್ತು. ಇಲ್ಲ ಅಂತ ಸುಳ್ಳು ಹೇಳೋದಿಲ್ಲ, ಇತ್ತು, ತೋಳು ಮಡಿಸಿದ್ದರ ಒಳಗೆ. ಪ್ರಿನ್ಸಿಪಾಲರ ಕೈಗೆ ಸಿಕ್ಕಿಬಿದ್ದೆ. ಅವರು ಬೈದು ಹೊರಗೆ ಕಳಿಸಿದ್ದರೆ ಮುಗಿದು ಹೋಗ್ತಿತ್ತು. ಹಾಗೆ ಮಾಡಲಿಲ್ಲ. ಆ ಚೀಟಿಯನ್ನ ನನ್ನ ಕೈಲೇ ಹಿಡಿಸಿ, ಹುಡುಗಿಯರ ಸಾಲಿನ ಮುಂದೆ ನಿಲ್ಲಿಸಿ, ಗಟ್ಟಿಯಾಗಿ ಓದಿಸಿದರು. ನಾನು ಓದಿದೆ. ಬೇಡಿಕೆಯ ನಿಯಮ. ಇವತ್ತಿಗೂ ಬಾಯಿಗೆ ಬರುತ್ತೆ. ಹೇಗಿದೆ ನೋಡಿ, ಕಾಪಿ ಹೊಡೆಯೋಕೆ ಬರೆದುಕೊಂಡದ್ದು ಜನ್ಮಕ್ಕೆ ಮರೆಯದ ಹಾಗೆ ಕಲಿತುಬಿಟ್ಟೆ.

ಅವತ್ತು ರಾತ್ರಿ ಮೊಬೈಲಿನಲ್ಲಿ 'ನಾಗರಹಾವು' ಹಾಕಿದೆ. ಯಾಕೆ ಅಂತ ಚಿತ್ರ ನೋಡಿದವರಿಗೆ ಹೇಳಬೇಕಾಗಿಲ್ಲ. ಚಿತ್ರ ಶುರುವಾಗೋದೇ ರಾಮಾಚಾರಿ ಕಾಪಿ ಹೊಡೆದು ಸಿಕ್ಕಿಬೀಳೋದರಿಂದ. ಪ್ರಿನ್ಸಿಪಾಲ್ ಪಾತ್ರ ಲೋಕನಾಥ್ ಅವರದ್ದು. ('ಭೂತಯ್ಯನ ಮಗ ಅಯ್ಯು'ವಿನಲ್ಲಿ ಉಪ್ಪಿನಕಾಯಿ ಚಪ್ಪರಿಸಿದರಲ್ಲ, ಅವರೇ.) ರಾಮಾಚಾರಿ ರಾತ್ರಿ ಹೋಗಿ ಮನೆಗೆ ಕಲ್ಲು ಹೊಡೀತಾನೆ, ಅಟ್ಟಿಸಿಕೊಂಡು ಬಂದ ಪ್ರಿನ್ಸಿಪಾಲರನ್ನ ಕಂಬಕ್ಕೆ ಕಟ್ಟಿ ಹೋಗ್ತಾನೆ. ಆ ಸೀನು ಮುಗಿದ ಕೂಡಲೇ ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ. ಮತ್ತೆ ನೋಡಿದೆ. ಎಷ್ಟು ಸಲವೋ. ಚಿತ್ರ ಮುಂದಕ್ಕೆ ಹೋಗಲೇ ಇಲ್ಲ. ನಾನೂ ಹೋಗಲಿಲ್ಲ. ಕಾಲೇಜಿಗೆ ಮತ್ತೆ ಕಾಲಿಡಲಿಲ್ಲ.

ಕಲ್ಲು ಹೊಡೆಯೋ ಧೈರ್ಯ ನನಗಿರಲಿಲ್ಲ. ಕಾಲೇಜು ಬಿಟ್ಟಿದ್ದೇ ನಾನು ಹೊಡೆದ ಕಲ್ಲು. ಅದು ಯಾರ ತಲೆಗೆ ಬಿತ್ತು ಅಂತ ಆಮೇಲೆ ಗೊತ್ತಾಯ್ತು ಬಿಡಿ.

ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ನಮ್ಮ ಕನ್ನಡದ ಮೇಷ್ಟ್ರು ಮನೆಗೆ ಬಂದರು. ಕಾಲೇಜಿನಲ್ಲಿ 'ಸಾರ್' ಅಂತಲೇ ಕರೀಬೇಕು, ಆದರೆ ನಾವು ಹಿಂದಿನಿಂದ ಮೇಷ್ಟ್ರು ಅಂತಿದ್ದೆವು. ಟಿ.ವಿ.ಎಸ್. ಗಾಡಿ ಸದ್ದು ಕೇಳಿದ ಕೂಡಲೇ ನಾನು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿ ಹಿಂದೆ ಕೂತೆ. "ಹಾಲ್ ಟಿಕೆಟ್ ತಂದಿದ್ದೀನಿ ತಾಯಿ. ಪ್ರಿನ್ಸಿಪಾಲರ ಹತ್ತಿರ ಮಾತಾಡಿದ್ದೀನಿ. ಹುಡುಗ ಬಂದು ಕೂತರೆ ಸಾಕು, ಕನ್ನಡದಲ್ಲಿ ಪಾಸಾಗೋದು ನನ್ನ ಜವಾಬ್ದಾರಿ" ಅಂತ ಅಮ್ಮನಿಗೆ ಹೇಳೋದು ಕೇಳಿಸ್ತಿತ್ತು. ಅಮ್ಮ ಹಿತ್ತಲಿಗೆ ಬಂದು "ಸಾರ್ ಬಂದೌರೆ ಕಣೋ, ಎದ್ದು ಬಾರೋ" ಅಂತ ಪಿಸುಗುಟ್ಟಿದಳು. ನಾನು ಏಳಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಬಂದರು. ಅವತ್ತೂ ತೊಟ್ಟಿ ಹಿಂದೆಯೇ ಇದ್ದೆ. ಅವತ್ತು ಅವರು ಜಾಸ್ತಿ ಮಾತಾಡಲಿಲ್ಲ. ಹಾಲ್ ಟಿಕೆಟ್ಟನ್ನ ನಮ್ಮ ದೇವರ ಪಟದ ಹಿಂದೆ ಸಿಕ್ಕಿಸಿ ಹೋದರಂತೆ. ಬಹಳ ದಿನ ಅಲ್ಲೇ ಇತ್ತು.

ಆಮೇಲೆ ಮಿಲ್ಲಿನ ಗೋಡೌನು, ಆಮೇಲೆ ಬೆಂಗಳೂರು, ಕೊರಿಯರ್ ಕೆಲಸ, ಒಂದು ಪ್ರಿಂಟಿಂಗ್ ಪ್ರೆಸ್ಸು, ಅಲ್ಲಿಗೆ ಬರ್ತಿದ್ದ ಪತ್ರಿಕೆಯವರ ಪರಿಚಯ... ಅದೆಲ್ಲ ಬೇರೆ ಕಥೆ, ಹೇಳಿಕೊಳ್ಳುವಂಥದ್ದೇನೂ ಅಲ್ಲ.

2018ರ ಜುಲೈ. ನಿರ್ಮಾಪಕ ಎನ್. ವೀರಾಸ್ವಾಮಿಯವರ ಕುಟುಂಬದವರೇ 'ನಾಗರಹಾವು' ಚಿತ್ರವನ್ನ ತೊಳೆದು ತಿಕ್ಕಿ, ಸಿನಿಮಾಸ್ಕೋಪ್ ಮಾಡಿ, ಹೊಸ ಸೌಂಡು ಹಾಕಿ ಬಿಟ್ಟರು. ನಾನು ಮೆಜೆಸ್ಟಿಕ್ ಕಡೆಯ ಟಾಕೀಸಿಗೆ ಹೋದೆ. ಕಟೌಟು, ಹಾಲು, ಪಟಾಕಿ. ವಿಷ್ಣು ಸತ್ತು ಎಂಟು ವರ್ಷ ದಾಟಿದೆ ಅಂತ ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ. ಪರದೆ ದೊಡ್ಡದಾದಾಗ ಏನೇನು ಕಾಣುತ್ತೆ ಅಂತೀರಿ! ಕೋಟೆಯ ಬಂಡೆಗಳು ಮನುಷ್ಯರನ್ನ ನುಂಗೋ ಹಾಗೆ ನಿಂತಿರೋದು. ಜಯಂತಿ ಓಬವ್ವ ಆಗಿ ಒನಕೆ ಎತ್ತೋದು. ನಾನು ಹತ್ತಾರು ಸಲ ಹತ್ತಿ ಇಳಿದ ಕೋಟೆ ಅದು, ಆದರೆ ಪುಟ್ಟಣ್ಣನವರ ಕೋಟೆಯೇ ಬೇರೆ, ಅದಕ್ಕೆ ಉಸಿರಿದೆ. ಸ್ಲೋ ಮೋಷನ್ ಹಾಡಿಗೆ ಬಾಲ್ಕನಿಯಲ್ಲಿದ್ದ ಹೆಂಗಸರೂ ಎದ್ದು ನಿಂತರು.

ಆಮೇಲೆ ಚಾಮಯ್ಯ ಮೇಷ್ಟ್ರು ಬಂದರು.

ಶಿಳ್ಳೆ ನಿಂತಿತು. ನಾನು ಸುಮ್ಮನೆ ಹೇಳ್ತಿಲ್ಲ, ನಿಜವಾಗಿ ನಿಂತಿತು. ಇಡೀ ಊರಿಗೆ ಹೆಡೆ ಎತ್ತೋ ಹಾವು, ಆ ಪ್ರೈಮರಿ ಸ್ಕೂಲಿನ ಮೇಷ್ಟ್ರ ಮುಂದೆ ಹೆಡೆ ಇಳಿಸಿ ಕೂರುತ್ತೆ. ಮಕ್ಕಳಿಲ್ಲದ ಮೇಷ್ಟ್ರು, ತುಂಗಮ್ಮನ ಪಾತ್ರದಲ್ಲಿ ಲೀಲಾವತಿ. ಅಶ್ವಥ್ ಅವರು ಮಾತಾಡ್ತಾ ಇದ್ದರೆ ಅವರು ನಟಿಸ್ತಾ ಇದ್ದಾರೆ ಅಂತ ಅನ್ನಿಸೋದೇ ಇಲ್ಲ. ಆ ದನಿಯಲ್ಲಿ ಸಣ್ಣದೊಂದು ನಡುಕ ಇದೆ, ಬೈಯುವಾಗಲೂ ಬೇಡಿಕೊಳ್ಳೋ ಹಾಗಿರುತ್ತೆ. ನನಗೆ ಕೇಳಿಸಿದ್ದು ಆ ದನಿಯಲ್ಲ. "ಹುಡುಗ ಬಂದು ಕೂತರೆ ಸಾಕು ತಾಯಿ" ಅನ್ನೋ ದನಿ. ನಾನು ಮೂರು ವರ್ಷ ಪ್ರಿನ್ಸಿಪಾಲರ ಮೇಲಿನ ಸಿಟ್ಟನ್ನೇ ಸಾಕಿಕೊಂಡು ಬಂದಿದ್ದೆ. ನಮ್ಮ ಮನೆ ಬಾಗಿಲಿಗೆ ಎರಡು ಸಲ ಬಂದು ಹೋದವರನ್ನ ಒಂದು ದಿನವೂ ನೆನೆದಿರಲಿಲ್ಲ. ಇಂಟರ್‌ವಲ್‌ಗೆ ಲೈಟು ಹಾಕಿದಾಗ ಪಕ್ಕದಲ್ಲಿದ್ದ ಅರವತ್ತು ದಾಟಿದ ಯಜಮಾನರು ಕರ್ಚೀಫು ಮಡಿಸ್ತಾ, "ಇಬ್ಬರೂ ಒಂದೇ ತಿಂಗಳಲ್ಲಿ ಹೋದರು ಕಣಯ್ಯ" ಅಂದರು. ನಿಜ. ವಿಷ್ಣು 2009ರ ಡಿಸೆಂಬರ್ 30ಕ್ಕೆ, ಅಶ್ವಥ್ 2010ರ ಜನವರಿ 18ಕ್ಕೆ. ಇಪ್ಪತ್ತು ದಿನವೂ ಆಗಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ 'ಗುರುವಿನ ಮಹಿಮೆ' ಅಂತ ಹೆಡ್ಡಿಂಗ್ ಕೊಟ್ಟು ಅಂಕಣ ಮುಗಿಸಬಹುದಿತ್ತು. ಆದರೆ ಐದನೇ ಸಲ ನೋಡಿದೆನಲ್ಲ, ಅದೇ ಫಜೀತಿ.

ನನ್ನ ರೂಮಿನಲ್ಲಿ ಜೊತೆಗಿದ್ದ ಗೆಳೆಯ, ಹೆಸರು ಬೇಡ, ಒಬ್ಬ ಹುಡುಗಿಯನ್ನ ಪ್ರೀತಿ ಮಾಡ್ತಿದ್ದ. ಜಾತಿ ಬೇರೆ. ಹುಡುಗಿಯ ಅಣ್ಣ ನನ್ನನ್ನ ಹುಡುಕಿಕೊಂಡು ಬಂದ. ಹೊಡೆದಾಟಕ್ಕೆ ಬಂದಿರಲಿಲ್ಲ ಪಾಪ. ಕೈಮುಗಿದ. "ನೀವಂದ್ರೆ ಅವನಿಗೆ ಗೌರವ ಅಣ್ಣಾ, ನೀವು ಒಂದು ಮಾತು ಹೇಳಿದರೆ ಕೇಳ್ತಾನೆ. ನಮ್ಮಪ್ಪನಿಗೆ ಹಾರ್ಟು ಸರಿ ಇಲ್ಲ." ನನಗೂ ಒಳಗೊಳಗೇ ದೊಡ್ಡ ಮನುಷ್ಯನಾದ ಹಾಗಾಯ್ತು. ಟೀ ಅಂಗಡಿ ಮುಂದೆ ಎರಡು ಗಂಟೆ ಕೂತು ಅವನಿಗೆ ಹೇಳಿದೆ. ತ್ಯಾಗ ಅಂದೆ, ಅವಳ ಒಳ್ಳೇದಕ್ಕೆ ಅಂದೆ, ನಿಜವಾದ ಪ್ರೀತಿ ಅಂದೆ. ಎಲ್ಲಿಂದ ಬಂತು ಆ ಮಾತೆಲ್ಲ ಅಂತೀರಿ! ಅವನು ಕೇಳಿದ. ಟೀ ಲೋಟ ಕೆಳಗಿಟ್ಟು "ನೀನು ಹೇಳ್ತೀಯ ಅಂದ್ರೆ ಸರಿ" ಅಂದ. ಹದಿನೈದು ದಿನಕ್ಕೆ ರೂಮು ಖಾಲಿ ಮಾಡಿದ.

ಆಮೇಲೆ ಒಂದು ರಾತ್ರಿ, ಹಾಡು ಮಾತ್ರ ನೋಡಿ ಮಲಗೋಣ ಅಂತ 'ನಾಗರಹಾವು' ಹಾಕಿದೆ. ಚಾಮಯ್ಯ ಮೇಷ್ಟ್ರು ರಾಮಾಚಾರಿಗೆ ಅಲಮೇಲುವನ್ನ ಬಿಟ್ಟುಬಿಡು ಅಂತ ಹೇಳೋ ಜಾಗ ಬಂತು. ನಾನು ಎದ್ದು ಕೂತೆ. ಟೀ ಅಂಗಡಿ ಮುಂದೆ ನಾನು ಬಿಟ್ಟಿದ್ದೆಲ್ಲ ಮೇಷ್ಟ್ರ ಡೈಲಾಗು! ಕದ್ದಿದ್ದು ಅಂತ ನನಗೇ ಗೊತ್ತಿರಲಿಲ್ಲ.

ಆಮೇಲೆ ಏನಾಗುತ್ತೆ? ಅಲಮೇಲುವಿಗೆ ಬೇರೆ ಮದುವೆ ಆಗುತ್ತೆ. ಕಟ್ಟಿಕೊಂಡವನೇ ಅವಳನ್ನ ಸೂಳೆಗಾರಿಕೆಗೆ ತಳ್ತಾನೆ. ರಾಮಾಚಾರಿ ಅವಳನ್ನ ಅಂಥ ಸ್ಥಿತಿಯಲ್ಲಿ ನೋಡ್ತಾನೆ. ಆರತಿಯವರ ಮುಖ ಆ ಜಾಗದಲ್ಲಿ ನೋಡಬೇಕು. ಮೊದಲಿನ ನಾಲ್ಕು ಸಲವೂ ನಾನು ಅಲ್ಲಿ ವಿಷ್ಣು ಮುಖವನ್ನೇ ನೋಡಿದ್ದೆ, ಯಾಕಂದ್ರೆ ನಾವು ಗಂಡುಹುಡುಗರು ಯಾವಾಗಲೂ ಹೀರೋಗೆ ಎಷ್ಟು ನೋವಾಯ್ತು ಅಂತಲೇ ಲೆಕ್ಕ ಹಾಕ್ತೀವಿ. ಅವಳನ್ನ ಯಾರಾದ್ರೂ ಒಂದು ಮಾತು ಕೇಳಿದರಾ? ಮೇಷ್ಟ್ರು ಕೇಳಲಿಲ್ಲ. ನಾನೂ ಆ ಹುಡುಗಿಯನ್ನ ಕೇಳಿರಲಿಲ್ಲ. ಅವಳ ಮದುವೆ ಆಯ್ತು. ಹೇಗಿದ್ದಾಳೋ ತಿಳಿಯದು. ವಿಚಾರಿಸೋ ಧೈರ್ಯ ನನಗಿನ್ನೂ ಬಂದಿಲ್ಲ. ಗೆಳೆಯ ಫೋನು ಎತ್ತೋದಿಲ್ಲ.

ಅವತ್ತು ಮೇಷ್ಟ್ರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಮೇಲೆ ಮಾರ್ಗರೆಟ್ ಬಂದಾಗ ಮತ್ತೆ ಅದೇ ಮಾತು, ಈ ಸಲ ಧರ್ಮ ಬೇರೆ ಅಂತ. ಒಂದು ಸಲ ಮಾತು ಕೇಳಿ ಸುಟ್ಟುಕೊಂಡ ಹುಡುಗ ಎರಡನೇ ಸಲ ಹೇಗೆ ಕೇಳ್ತಾನೆ? ಆ ಬೆಟ್ಟದ ತುದಿ. ಮೇಷ್ಟ್ರು ಬೀಳ್ತಾರೆ, ಶಿಷ್ಯನ ಕೈಯಿಂದಲೇ. ಶಿಷ್ಯ ಮಾರ್ಗರೆಟ್ ಜೊತೆ ಹಾರ್ತಾನೆ. ಚಿಕ್ಕವನಾಗಿದ್ದಾಗ ಅದು ಕ್ಲೈಮ್ಯಾಕ್ಸು. ಈಗ ನೋಡಿದರೆ ಅದೊಂದು ಲೆಕ್ಕ. ಅಲಮೇಲು ವಿಷಯದಲ್ಲಿ ತಪ್ಪಾಗಿ ಕೂಡಿದ ಲೆಕ್ಕ, ಅಲ್ಲಿಗೆ ಬಂದು ನಿಲ್ಲುತ್ತೆ.

ತ.ರಾ.ಸು. ಅವರಿಗೆ ಈ ಚಿತ್ರ ಹಿಡಿಸಲಿಲ್ಲ, ಪುಟ್ಟಣ್ಣ ನಾಗರಹಾವನ್ನ ಕೇರೆಹಾವು ಮಾಡಿದ್ದಾರೆ ಅಂತ ಅಂದರು ಅನ್ನೋ ಮಾತು ನಮ್ಮ ದುರ್ಗದ ಕಡೆ ಎಲ್ಲರ ಬಾಯಲ್ಲೂ ಇದೆ. ಕಾದಂಬರಿಕಾರರಿಗೆ ಆ ಹಕ್ಕಿದೆ. ನಾನು ಅಷ್ಟು ದೊಡ್ಡವನಲ್ಲ. ಆದರೆ ನನಗನಿಸೋದು, ಪುಟ್ಟಣ್ಣ ಮೇಷ್ಟ್ರನ್ನ ಕೆಟ್ಟವರನ್ನಾಗಿ ಮಾಡಲಿಲ್ಲವಲ್ಲ, ಅದೇ ದೊಡ್ಡದು. ಒಬ್ಬ ಕೇಡಿಯನ್ನ ಕರೆತಂದು ಇಷ್ಟೆಲ್ಲ ಮಾಡಿಸಿದ್ದರೆ ಒಂದು ಸಲ ನೋಡಿ, ಬೈದು, ಮನೆಗೆ ಹೋಗ್ತಿದ್ದೆವು. ಪ್ರೀತಿ ತುಂಬಿಕೊಂಡಿರೋ ಮನುಷ್ಯನ ಕೈಲೇ ಹುಡುಗನ ಬಾಳು ಕೆಡಿಸಿದರು. ಬೈಯೋಕೆ ಬಾಯಿ ಬರೋದಿಲ್ಲ, ಬಿಡೋಕೆ ಮನಸ್ಸು ಬರೋದಿಲ್ಲ. ಇದೇ ಕಥೆಯನ್ನ ಪುಟ್ಟಣ್ಣನವರೇ 1974ರಲ್ಲಿ ರಿಷಿ ಕಪೂರ್ ಹಾಕಿಕೊಂಡು ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ಮಾಡಿದರು. ಇಲ್ಲಿನ ಜಯ ಅಲ್ಲಿ ಸಿಗಲಿಲ್ಲ. ಕಾರಣ ಹತ್ತು ಹೇಳ್ತಾರೆ. ನನ್ನನ್ನ ಕೇಳಿದರೆ ಒಂದೇ, ಅಲ್ಲಿ ಅಶ್ವಥ್ ಇರಲಿಲ್ಲ.

ಇನ್ನು ಉಳಿದಿದ್ದು ಒಂದು ವಿಷಯ. ಹೋದ ತಿಂಗಳು ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಕನ್ನಡದ ಮೇಷ್ಟ್ರ ಮನೆ ವಿಚಾರಿಸಿಕೊಂಡು ಹೋದೆ. ರಿಟೈರ್ ಆಗಿದ್ದಾರೆ. ಗೇಟಿನ ಹತ್ತಿರ ಹತ್ತು ನಿಮಿಷ ನಿಂತೆ. ಈಗ ಹೇಳೋಕೆ ನಾಚಿಕೆ, ಅಲ್ಲೂ ಒಂದು ನೀರಿನ ತೊಟ್ಟಿ ಇತ್ತು. ಅವರೇ ಕನ್ನಡಕ ಸರಿ ಮಾಡಿಕೊಳ್ತಾ ಬಂದರು. ಹೆಸರು ಹೇಳಿದೆ. ನೆನಪು ಬರಲಿಲ್ಲ. ಎಣ್ಣೆ ಮಿಲ್ಲಿನವರ ಮಗ ಅಂದೆ. ಆಗಲೂ ಇಲ್ಲ. "ಹಾಲ್ ಟಿಕೆಟ್, ದೇವರ ಪಟ..." ಅಂದೆ.

"ಓಹೋ, ನೀನೋ! ಪರೀಕ್ಷೆ ಕಟ್ಟಿದೆಯೇನಯ್ಯಾ ಕೊನೆಗೆ?"

ಇಲ್ಲ ಸಾರ್ ಅಂದೆ. ಅವರು ಬೈಯಲಿಲ್ಲ. ಒಳಗೆ ಕರೆದು ಕೂರಿಸಿದರು. ಅಮ್ಮಾವ್ರು ಕಾಫಿ ತಂದರು. ಸಿನಿಮಾ ಪತ್ರಿಕೆಗೆ ಬರೀತೀನಿ ಅಂತ ಹೇಳಿದೆ. ಮಾತು ಎಲ್ಲೆಲ್ಲೋ ಹೋಗಿ ಕೊನೆಗೆ ಬರಬೇಕಾದ ಕಡೆಗೇ ಬಂತು. "ನೀವು 'ನಾಗರಹಾವು' ಎಷ್ಟು ಸಲ ನೋಡಿದ್ದೀರಿ ಸಾರ್?" ಅಂದೆ. ದುರ್ಗ ಜಿಲ್ಲೆಯ ಕನ್ನಡ ಮೇಷ್ಟ್ರು, ಹತ್ತು ಇಪ್ಪತ್ತು ಸಲ ಅಂತಾರೆ ಅಂತ ಕಾದೆ.

"ಒಂದೇ ಸಲ" ಅಂದರು. "ಕಾಲೇಜಿನಲ್ಲಿ ಓದ್ತಿದ್ದಾಗ. ಕೆಲಸಕ್ಕೆ ಸೇರಿದ ಮೇಲೆ ನೋಡಿಲ್ಲ. ಟಿ.ವಿ.ಯಲ್ಲಿ ಬಂದರೆ ಇವಳಿಗೆ ಹೇಳಿ ಆರಿಸ್ತೀನಿ."

"ಯಾಕೆ ಸಾರ್?"

ಸ್ವಲ್ಪ ಹೊತ್ತು ಕಾಫಿ ಲೋಟ ತಿರುಗಿಸ್ತಾ ಕೂತರು. "ಮೂವತ್ತು ವರ್ಷ ಪಾಠ ಮಾಡಿದ್ದೀನಿ. ಎಷ್ಟು ಹುಡುಗರಿಗೆ ಏನೇನು ಬುದ್ಧಿ ಹೇಳಿದ್ದೀನೋ ಲೆಕ್ಕ ಇದೆಯೇನಯ್ಯಾ? ಕೇಳದೆ ಹೋದೋರು ನಿನ್ನ ಹಾಗೆ ಎಲ್ಲೋ ಒಂದು ಕಡೆ ಸಿಕ್ತಾರೆ. ಕೇಳಿದೋರು ಏನಾದರೋ, ಅದು ನನಗೆ ಗೊತ್ತಿಲ್ಲ."

ನಾನು ಗೆಳೆಯನ ವಿಷಯ ಹೇಳಬೇಕು ಅಂತ ಬಾಯಿ ತೆರೆದೆ, ಹೇಳಲಿಲ್ಲ. ಕಾಫಿ ಕುಡಿದೆ.

ಹೊರಡುವಾಗ ಗೇಟಿನ ತನಕ ಬಂದು, "ನಿನ್ನ ಪತ್ರಿಕೆ ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತೇನಯ್ಯಾ?" ಅಂತ ಕೇಳಿದರು. ಸಿಗುತ್ತೆ ಸಾರ್ ಅಂದೆ. "ತರಿಸಿ ನೋಡ್ತೀನಿ. ನಿನ್ನ ಕಾಗುಣಿತ ನನಗೆ ಗೊತ್ತು. ಅಲ್ಪಪ್ರಾಣ ಮಹಾಪ್ರಾಣ ಎರಡೂ ತೆಗೀತಿದ್ದವನು ನೀನು."

ಸಾರ್, ಈ ವಾರದ ಸಂಚಿಕೆ ಇದು. ಇನ್ನೊಂದು ಪ್ರತಿಯನ್ನ ಅಂಚೆಗೂ ಹಾಕಿದ್ದೀನಿ, ಸಿಗದೆ ಹೋದರೆ ಇರಲಿ ಅಂತ. ಕೆಂಪು ಇಂಕಿನಲ್ಲಿ ತಿದ್ದಿ ಕಳಿಸಿ. ದಾವಣಗೆರೆ ಮಹಾಶಯರೇ, ನೀವು ಮುಂದಿನ ವಾರ ಬೈಯಿರಿ.